ಒಂದು ಹಗಲು, ಒಂದು ರಾತ್ರಿಯ ಚಾರಣಕ್ಕೆ ಹಗುರವಾದ ಬೆನ್ನುಚೀಲ: ಆಯ್ಕೆ, ಹೊಂದಿಕೆ, ಜೋಪಾನ

ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಬೆಟ್ಟಗಳಿಗೆಂದು ಬೆನ್ನುಚೀಲ ಕೊಳ್ಳಹೊರಟವರು ಅಂಗಡಿಗೆ ಹೋಗುವ ಮೊದಲು ರಾತ್ರಿ ಎಲ್ಲಿ ಮಲಗುತ್ತೇವೆ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ ರಾತ್ರಿ ಡೇರೆ ಹಾಕಿ ತಂಗಲು ಅನುಮತಿಯಿಲ್ಲ. ಶಿಖರಕ್ಕೆ ಹೋದವರು ಕತ್ತಲಾಗುವ ಮೊದಲೇ ಇಳಿದು ಬರಬೇಕು. ಹಾಗಾಗಿ ನಮ್ಮ ಕಡೆಯ ‘ಒಂದು ರಾತ್ರಿಯ ಚಾರಣ’ ಎಂದರೆ ಹೆಚ್ಚಿನ ಮಟ್ಟಿಗೆ ಸಂಸೆ, ಮುಳ್ಳೋಡಿ, ಮೂಡಿಗೆರೆ ಅಥವಾ ಸಕಲೇಶಪುರದ ಸುತ್ತಿನ ಯಾವುದಾದರೂ ಹೋಮ್‌ಸ್ಟೇಯಲ್ಲಿ ಉಂಡು ಮಲಗಿ, ಮರುದಿನ ಬೆಳಿಗ್ಗೆ ಬೆಟ್ಟ ಹತ್ತುವುದು. ಹಾಸಿಗೆ, ಹೊದಿಕೆ, ಬಿಸಿನೀರು, ರಾತ್ರಿಯ ಊಟ ಎಲ್ಲವೂ ಅಲ್ಲಿಯೇ ಸಿಗುತ್ತವೆ. ಡೇರೆ, ಮಲಗುವ ಚೀಲ, ಅಡುಗೆಯ ಸ್ಟೌ ಈ ಮೂರನ್ನೂ ಹೊರುವ ಅಗತ್ಯವಿಲ್ಲವೆಂದಾದ ಮೇಲೆ ಹಿಮಾಲಯದ ಚಾರಣಕ್ಕೆಂದು ಮಾಡಿದ 50–60 ಲೀಟರಿನ ಚೀಲವೂ ನಮಗೆ ಅನಗತ್ಯವಾಗುತ್ತದೆ. ಮುಂದಿನ ಮಾತುಗಳೆಲ್ಲ ಈ ಲೆಕ್ಕವನ್ನೇ ಆಧರಿಸಿವೆ.

ಚೀಲದ ಗಾತ್ರವನ್ನು ಲೀಟರಿನಲ್ಲಿ ಹೇಳುತ್ತಾರೆ. ಸರ್ಪದಾರಿಯಿಂದ ಮುಳ್ಳಯ್ಯನಗಿರಿಗೆ ಹತ್ತಿ ಸೀತಾಳಯ್ಯನಗಿರಿಯ ಕಡೆ ಇಳಿಯುವುದು, ಎತ್ತಿನ ಭುಜ, ಜೇನುಕಲ್ಲು ಗುಡ್ಡ ಇಂಥ ಅರ್ಧ ದಿನ ಅಥವಾ ಒಂದು ದಿನದ ನಡಿಗೆಗೆ 18ರಿಂದ 22 ಲೀಟರಿನ ಚೀಲ ಧಾರಾಳವಾಗಿ ಸಾಕು. ಒಂದು ರಾತ್ರಿ ತಂಗುವುದಿದ್ದರೆ ಒಂದು ಜೊತೆ ಬಟ್ಟೆ, ಬೆಚ್ಚನೆಯ ಅಂಗಿ, ಟವೆಲ್ ಸೇರಿಕೊಳ್ಳುವುದರಿಂದ 28ರಿಂದ 32 ಲೀಟರ್ ಬೇಕಾಗುತ್ತದೆ. ಎರಡು ಚೀಲ ಇಟ್ಟುಕೊಳ್ಳುವ ಮನಸ್ಸಿಲ್ಲದವರು 28 ಲೀಟರಿನ ಒಂದನ್ನೇ ಕೊಂಡು, ಅದರ ಎರಡೂ ಪಕ್ಕಗಳಲ್ಲಿ ಬಿಗಿಯುವ ಪಟ್ಟಿಗಳಿವೆಯೇ ಎಂದು ನೋಡಿಕೊಂಡರೆ ಆಯಿತು. ಸಾಮಾನು ಕಡಿಮೆ ಇದ್ದ ದಿನ ಪಟ್ಟಿ ಎಳೆದರೆ ಚೀಲ ಸಣ್ಣದಾಗಿ ಬೆನ್ನಿಗೆ ಅಂಟಿ ಕೂರುತ್ತದೆ. ನನ್ನ ಮಟ್ಟಿಗೆ ಇದೇ ಸರಿಯಾದ ಆಯ್ಕೆ. ಕೆಲವು ತಯಾರಕರು ಹೊರಗಿನ ಜೇಬುಗಳನ್ನೂ ಸೇರಿಸಿ ಲೀಟರ್ ಲೆಕ್ಕ ಹೇಳುತ್ತಾರೆ, ಕೆಲವರು ಒಳಗಿನ ಜಾಗವನ್ನು ಮಾತ್ರ ಅಳೆಯುತ್ತಾರೆ. ಆದ್ದರಿಂದ ಚೀಟಿಯ ಮೇಲಿನ ಅಂಕಿ ಒಂದೇ ಇದ್ದರೂ ಎರಡು ಚೀಲಗಳು ಒಂದೇ ಗಾತ್ರದವಾಗಿರಬೇಕೆಂದಿಲ್ಲ.

ದೊಡ್ಡ ಚೀಲವನ್ನೇ ಕೊಂಡು ಅರ್ಧ ತುಂಬಿಸಿದರಾಯಿತಲ್ಲ ಎಂದು ಕೇಳುವವರಿದ್ದಾರೆ. ನಾನು ಮೊದಲ ಸಲ ಕುದುರೆಮುಖಕ್ಕೆ ಹೋದಾಗ ಗೆಳೆಯರೊಬ್ಬರಿಂದ 55 ಲೀಟರಿನ ಚೀಲವನ್ನು ಎರವಲು ತಂದಿದ್ದೆ. ಜಾಗ ಇದೆ ಎಂಬ ಒಂದೇ ಕಾರಣಕ್ಕೆ ಜೀನ್ಸ್ ಪ್ಯಾಂಟು, ಎರಡನೆಯ ಜೊತೆ ಶೂ, ಸ್ಟೀಲಿನ ಮೂರಂತಸ್ತಿನ ಕ್ಯಾರಿಯರ್, ಓದಲೆಂದು ಒಂದು ದಪ್ಪ ಪುಸ್ತಕ ಎಲ್ಲವೂ ಒಳಗೆ ಹೋದವು. ಹೊರಡುವಾಗ ತೂಗಿದರೆ 11 ಕೆ.ಜಿ. ಇತ್ತು. ಹೋಗಿ ಬರುವ ಹಾದಿ ಸುಮಾರು 20 ಕಿ.ಮೀ.; ಒಂಟಿಮರ ತಲುಪುವಷ್ಟರಲ್ಲಿ ಭುಜಗಳು ಉರಿಯತೊಡಗಿದ್ದವು. ಸಂಜೆ ಹೋಮ್‌ಸ್ಟೇಯಲ್ಲಿ ಚೀಲ ಬಿಚ್ಚಿದಾಗ ಅದರ ಅರ್ಧದಷ್ಟು ಸಾಮಾನನ್ನು ನಾನು ಮುಟ್ಟಿಯೇ ಇರಲಿಲ್ಲ. ಅಂದಿನಿಂದ ಪ್ರತಿ ಚಾರಣ ಮುಗಿದ ಮೇಲೆ ಸಾಮಾನನ್ನು ಮೂರು ಗುಡ್ಡೆ ಮಾಡುತ್ತೇನೆ: ಬಳಸಿದ್ದು, ಬಳಸದಿದ್ದರೂ ಇರಲೇಬೇಕಾದದ್ದು, ಸುಮ್ಮನೆ ಹೊತ್ತದ್ದು. ಎರಡನೆಯ ಗುಡ್ಡೆಯಲ್ಲಿ ಪ್ರಥಮ ಚಿಕಿತ್ಸೆಯ ಡಬ್ಬಿ, ಮಳೆ ಅಂಗಿ ಮತ್ತು ಟಾರ್ಚು ಇವಿಷ್ಟಕ್ಕೆ ಮಾತ್ರ ಪ್ರವೇಶ. ಮೂರನೆಯ ಗುಡ್ಡೆ ಮುಂದಿನ ಸಲ ಮನೆಯಲ್ಲೇ ಉಳಿಯುತ್ತದೆ.

ಇನ್ನು ಚೀಲದ ಸ್ವಂತ ತೂಕದ ಮಾತು. ಒಳಗೆ ಕಂಬಿ ಅಥವಾ ಚೌಕಟ್ಟು ಇಲ್ಲದ 20 ಲೀಟರಿನ ಹಗುರ ಚೀಲ 300ರಿಂದ 600 ಗ್ರಾಂ ತೂಗುತ್ತದೆ. 30 ಲೀಟರಿನದು 600 ಗ್ರಾಂನಿಂದ ಒಂದು ಕೆ.ಜಿ. ಒಳಗಿದ್ದರೆ ಹಗುರವೆಂದೇ ಲೆಕ್ಕ. ಬೆನ್ನಿಗೆ ಗಾಳಿಯಾಡಲೆಂದು ಬಿಲ್ಲಿನಂತೆ ಬಾಗಿದ ಕಂಬಿ ಮತ್ತು ಎಳೆದು ಕಟ್ಟಿದ ಬಲೆ ಇರುವ ಚೀಲಗಳು ಇದಕ್ಕಿಂತ ಸಾಕಷ್ಟು ಭಾರವಾಗಿರುತ್ತವೆ. ಆ ಬಲೆಯಿಂದ ಬೆನ್ನು ಬೆವರುವುದು ಕಡಿಮೆಯಾಗುವುದು ನಿಜ, ಆದರೆ ಚೀಲ ಬೆನ್ನಿನಿಂದ ಮೂರು–ನಾಲ್ಕು ಬೆರಳಿನಷ್ಟು ಹಿಂದೆ ಸರಿಯುವುದರಿಂದ ಹೊರೆ ಹಿಂದಕ್ಕೆ ಜಗ್ಗುತ್ತದೆ. ಐದು ಕೆ.ಜಿ. ಹೊರುವವರಿಗೆ ಆ ವ್ಯವಸ್ಥೆಯ ಅಗತ್ಯವಿದೆ ಎಂದು ನನಗೆ ಅನ್ನಿಸಿಲ್ಲ. ಕುದುರೆಮುಖದ ಬೋಳು ಹುಲ್ಲುಗಾವಲಿನಲ್ಲಿ ಹತ್ತು ಗಂಟೆಯ ಬಿಸಿಲಿಗೆ ಬೆನ್ನು ಹೇಗಿದ್ದರೂ ಬೆವರುತ್ತದೆ.

ನನ್ನ ಒಂದು ರಾತ್ರಿಯ ಹೊರೆಯ ಲೆಕ್ಕ ಹೀಗಿದೆ. ಚೀಲ 700 ಗ್ರಾಂ, ನೀರು ಎರಡು ಲೀಟರ್ ಅಂದರೆ 2 ಕೆ.ಜಿ., ಮಧ್ಯಾಹ್ನದ ಬುತ್ತಿ ಮತ್ತು ಕಡಲೆ ಚಿಕ್ಕಿ ಸೇರಿ 500 ಗ್ರಾಂ, ಬದಲಿ ಬಟ್ಟೆ 600 ಗ್ರಾಂ, ಬೆಚ್ಚನೆಯ ಅಂಗಿ 350 ಗ್ರಾಂ, ಮಳೆ ಅಂಗಿ 300 ಗ್ರಾಂ, ಪವರ್ ಬ್ಯಾಂಕ್ 200 ಗ್ರಾಂ, ಔಷಧಿ ಡಬ್ಬಿ 150 ಗ್ರಾಂ, ತಲೆಗೆ ಕಟ್ಟುವ ಟಾರ್ಚು 80 ಗ್ರಾಂ. ಒಟ್ಟು ಐದು ಕೆ.ಜಿ.ಗೂ ಸ್ವಲ್ಪ ಕಡಿಮೆ. ಇದರಲ್ಲಿ ನೀರಿನದೇ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು ಎಂಬುದನ್ನು ಗಮನಿಸಬೇಕು. ಚೀಲದಲ್ಲಿ 200 ಗ್ರಾಂ ಉಳಿಸಲೆಂದು ಸಾವಿರಾರು ರೂಪಾಯಿ ಹೆಚ್ಚು ತೆರುವ ಮೊದಲು ಒಳಗಿರುವ ಒಂದೊಂದನ್ನೂ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿ ಬರೆದುಕೊಂಡರೆ ಅದಕ್ಕಿಂತ ಹೆಚ್ಚಿನ ಭಾರ ಬಿಟ್ಟಿಯಾಗಿ ಇಳಿಯುತ್ತದೆ. ಅಮೆರಿಕದ ಎಮ್ಮಾ ಗೇಟ್‌ವುಡ್ ಎಂಬ ಮಹಿಳೆ 1955ರಲ್ಲಿ, ತಮ್ಮ 67ನೆಯ ವಯಸ್ಸಿನಲ್ಲಿ, 3,200 ಕಿ.ಮೀ.ಗಿಂತ ಉದ್ದದ ಅಪಲೇಚಿಯನ್ ಹಾದಿಯನ್ನು ಒಬ್ಬಂಟಿಯಾಗಿ ನಡೆದು ಮುಗಿಸಿದಾಗ ಅವರ ಹೆಗಲಿಗಿದ್ದದ್ದು ಮನೆಯಲ್ಲೇ ಹೊಲಿದ ಡೆನಿಮ್ ಬಟ್ಟೆಯ ಒಂದು ಚೀಲ.

ಚೀಲದ ಉದ್ದ ಮೈಗೆ ಹೊಂದುವುದು ಲೀಟರಿಗಿಂತ ಮುಖ್ಯವಾದ ವಿಷಯ. ಆದರೂ ಇದನ್ನು ಅಳೆದು ಕೊಳ್ಳುವವರು ಕಡಿಮೆ. ತಲೆಯನ್ನು ಮುಂದಕ್ಕೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬಿ ಕೈಗೆ ಸಿಗುತ್ತದೆ. ಎರಡೂ ಕೈಗಳನ್ನು ಸೊಂಟದ ಎಲುಬಿನ ಮೇಲಂಚಿನ ಮೇಲೆ, ಹೆಬ್ಬೆರಳುಗಳು ಬೆನ್ನಿನ ಕಡೆ ಬರುವಂತೆ ಇಟ್ಟುಕೊಂಡರೆ ಆ ಎರಡು ಹೆಬ್ಬೆರಳುಗಳ ನಡುವೆ ಎಳೆದ ಗೆರೆಯೇ ಅಳತೆಯ ಕೆಳತುದಿ. ಈ ಎರಡರ ನಡುವಿನ ಅಂತರವನ್ನು ದರ್ಜಿಯ ಟೇಪಿನಿಂದ ಮನೆಯವರೊಬ್ಬರಿಂದ ಬೆನ್ನುಹುರಿಯ ಉದ್ದಕ್ಕೂ ಅಳೆಯಿಸಬೇಕು. ಮೈ ಎತ್ತರ ಎಷ್ಟಿದೆ ಎಂಬುದರಿಂದ ಇದನ್ನು ಊಹಿಸಲಾಗದು. ಉದ್ದ ಕಾಲಿನ ಎತ್ತರದ ವ್ಯಕ್ತಿಗೆ ಗಿಡ್ಡ ಬೆನ್ನಿರಬಹುದು. ಚೀಲ ಈ ಅಳತೆಗಿಂತ ಉದ್ದವಾಗಿದ್ದರೆ ಅದರ ತಳ ಪೃಷ್ಠಕ್ಕೆ ಬಡಿಯುತ್ತ ಇಳಿಜಾರಿನಲ್ಲಿ ತೊಂದರೆ ಕೊಡುತ್ತದೆ, ಗಿಡ್ಡವಾಗಿದ್ದರೆ ಸೊಂಟದ ಪಟ್ಟಿ ಹೊಟ್ಟೆಯ ಮೇಲೆ ಬಂದು ಕೂರುತ್ತದೆ.

ಸೊಂಟದ ಪಟ್ಟಿ ಬೇಕೇ ಎಂಬುದು ಹೊರೆಯ ಮೇಲೆ ನಿಂತಿದೆ. ಕಾಫಿ ಕೊಯ್ಲಿನ ಕಾಲದಲ್ಲಿ ನಮ್ಮ ತೋಟಗಳಲ್ಲಿ ಹಣ್ಣು ಬಿಡಿಸುವವರು ಚೀಲವನ್ನು ಸೊಂಟಕ್ಕೆ ಕಟ್ಟಿಕೊಳ್ಳುವುದನ್ನು ನೋಡಿದ್ದೇವೆ. ಎರಡೂ ಕೈ ಬಿಡುವಾಗಿರಲಿ ಎಂಬುದು ಅದರ ಒಂದು ಉದ್ದೇಶವಾದರೆ, ದಿನವಿಡೀ ತುಂಬುತ್ತ ಹೋಗುವ ಭಾರ ಭುಜಕ್ಕೆ ತಾಗದೆ ಸೊಂಟದ ಎಲುಬಿನ ಮೂಲಕ ಕಾಲಿಗೆ ಇಳಿಯುವುದು ಅದರ ಇನ್ನೊಂದು ಪ್ರಯೋಜನ. ಚಾರಣದ ಚೀಲದ ಸೊಂಟಪಟ್ಟಿ ಮಾಡುವುದೂ ಇದನ್ನೇ. ಆದರೆ ಐದಾರು ಕೆ.ಜಿ. ಮೀರದ ಹೊರೆಗೆ ಮೆತ್ತೆ ಇರುವ ದಪ್ಪ ಪಟ್ಟಿ ಅನಗತ್ಯ. ಬಂಡೆಯ ಮೇಲೆ ಹತ್ತಿಳಿಯುವಾಗ ಚೀಲ ಓಲಾಡದಂತೆ ಹಿಡಿಯಲು ಒಂದು ಬೆರಳು ಅಗಲದ ಸಾದಾ ಪಟ್ಟಿ ಸಾಕು. ಭುಜದ ಪಟ್ಟಿಗಳು ಮಾತ್ರ ಕನಿಷ್ಠ ನಾಲ್ಕು ಬೆರಳು ಅಗಲವಿರಲಿ. ಎದೆಯ ಮೇಲೆ ಅವೆರಡನ್ನೂ ಜೋಡಿಸುವ ಅಡ್ಡಪಟ್ಟಿ ಇರಬೇಕು ಮತ್ತು ಅದು ಮೇಲೆ ಕೆಳಗೆ ಸರಿಯುವಂತಿರಬೇಕು. ಹೆಂಗಸರು ಇದನ್ನು ತಪ್ಪದೆ ಹಾಕಿ ನೋಡಿಯೇ ಕೊಳ್ಳುವುದು ಒಳ್ಳೆಯದು.

ಅಂಗಡಿಯಲ್ಲಿ ಖಾಲಿ ಚೀಲ ಹಾಕಿಕೊಂಡು ಕನ್ನಡಿ ನೋಡಿಕೊಂಡರೆ ಯಾವುದೂ ತಿಳಿಯುವುದಿಲ್ಲ. ಒಂದೊಂದು ಕೆ.ಜಿ.ಯ ಐದು ಅಕ್ಕಿ ಅಥವಾ ಸಕ್ಕರೆಯ ಪೊಟ್ಟಣಗಳನ್ನು ಜೊತೆಗೆ ಒಯ್ದು, ತುಂಬಿ, ಹತ್ತು ನಿಮಿಷ ಹಾಕಿಕೊಂಡು ಓಡಾಡಿ, ಸಾಧ್ಯವಾದರೆ ಮೆಟ್ಟಿಲು ಹತ್ತಿಳಿದು ನೋಡಬೇಕು. ಅಂಗಡಿಯವರು ನಗಬಹುದು, ನಗಲಿ. ಹಾಕಿಕೊಳ್ಳುವ ಕ್ರಮವೂ ಇದೆ: ಮೊದಲು ಎಲ್ಲ ಪಟ್ಟಿಗಳನ್ನೂ ಸಡಿಲ ಮಾಡಿ ಚೀಲವನ್ನು ಹೆಗಲಿಗೇರಿಸಬೇಕು, ಸೊಂಟದ ಎಲುಬಿನ ಮೇಲೆ ಪಟ್ಟಿ ಕೂರುವಂತೆ ಬಿಗಿಯಬೇಕು, ಆಮೇಲೆ ಭುಜದ ಪಟ್ಟಿಗಳನ್ನು ಚೀಲ ಬೆನ್ನಿಗೆ ತಾಗುವಷ್ಟು ಮಾತ್ರ ಎಳೆಯಬೇಕು, ಕೊನೆಗೆ ಎದೆಪಟ್ಟಿ, ಅದೂ ಉಸಿರಾಟಕ್ಕೆ ಅಡ್ಡಿಯಾಗದಷ್ಟು. ಭುಜದ ಪಟ್ಟಿಯನ್ನೇ ಮೊದಲು ಬಿಗಿದುಕೊಂಡವರಿಗೆ ಸೊಂಟದ ಪಟ್ಟಿ ಎಂದೂ ಸರಿಯಾದ ಜಾಗಕ್ಕೆ ಬರುವುದಿಲ್ಲ.

ಬಟ್ಟೆಯ ಬಗ್ಗೆ ಹೇಳುವಾಗ ‘ಡೆನಿಯರ್’ ಎಂಬ ಅಳತೆ ಎದುರಾಗುತ್ತದೆ. 9,000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೆಯೋ ಅದೇ ಆ ನೂಲಿನ ಡೆನಿಯರ್. ಅಂಕಿ ಏರಿದಂತೆ ನೂಲು ದಪ್ಪವಾಗುತ್ತದೆ, ಬಟ್ಟೆ ಭಾರವಾಗುತ್ತದೆ. ಅಂಗೈಯಲ್ಲಿ ಮಡಚಿಡಬಹುದಾದ 30 ಡೆನಿಯರಿನ ತೆಳು ಚೀಲಗಳು ಪೇಟೆಯ ತಿರುಗಾಟಕ್ಕೆ ಸರಿ. ಲಂಟಾನದ ಪೊದೆ, ಸೀಗೆ ಮುಳ್ಳು, ಎತ್ತಿನ ಭುಜದ ಕೊನೆಯ ಬಂಡೆ ಏರು ಇವುಗಳ ನಡುವೆ ಅವು ಒಂದು ಋತುವೂ ಬಾಳುವುದು ಕಷ್ಟ. 100ರಿಂದ 210 ಡೆನಿಯರಿನ ನೈಲಾನ್, ಅದರಲ್ಲೂ ಚೌಕಳಿಯಂತೆ ನಡುನಡುವೆ ದಪ್ಪ ಎಳೆ ಸೇರಿಸಿ ನೇಯ್ದ ರಿಪ್‌ಸ್ಟಾಪ್ ಬಟ್ಟೆ ನಮ್ಮ ಹಾದಿಗಳಿಗೆ ತಕ್ಕದ್ದು. ಸಣ್ಣ ತೂತು ಬಿದ್ದರೂ ಅದು ದಪ್ಪ ಎಳೆಯ ಹತ್ತಿರ ನಿಲ್ಲುತ್ತದೆ, ಉದ್ದಕ್ಕೆ ಹರಿಯುವುದಿಲ್ಲ. ಕೂತಲ್ಲೆಲ್ಲ ನೆಲಕ್ಕೆ ತಾಗುವ ತಳ ಇನ್ನೂ ದಪ್ಪವಿದ್ದರೆ ಒಳ್ಳೆಯದು. ಬಟ್ಟೆಗಿಂತ ಮೊದಲು ಸೋಲುವುದು ಹೊಲಿಗೆ. ಭುಜದ ಪಟ್ಟಿ ಚೀಲವನ್ನು ಸೇರುವ ಜಾಗದಲ್ಲಿ ಒತ್ತೊತ್ತಾಗಿ ಹಲವು ಸುತ್ತು ಹೊಲಿದಿದ್ದಾರೆಯೇ ಎಂದು ಬಗ್ಗಿ ನೋಡಬೇಕು. ಬಕಲ್ ಒಡೆದರೆ ಊರಿನಲ್ಲೇ ಬದಲಿ ಸಿಗುವಂತೆ ಅದು ಸಾಮಾನ್ಯ 20 ಅಥವಾ 25 ಮಿ.ಮೀ. ಅಳತೆಯದಾಗಿರಲಿ. ನನ್ನ ಹಳೆಯ ಚೀಲದ ಪಟ್ಟಿ ದೇವರಮನೆಯ ಹಾದಿಯಲ್ಲಿ ಕಿತ್ತುಬಂದಾಗ ಅದನ್ನು ಮತ್ತೆ ಜೋಡಿಸಿಕೊಟ್ಟವರು ಪೇಟೆಯಲ್ಲಿ ಶಾಲಾ ಚೀಲಗಳನ್ನು ರಿಪೇರಿ ಮಾಡುವ ಒಬ್ಬ ದರ್ಜಿ. ಆ ಹೊಲಿಗೆ ಕಂಪನಿಯ ಹೊಲಿಗೆಗಿಂತ ಹೆಚ್ಚು ಕಾಲ ಬಾಳಿತು.

ಮಳೆಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಮಲೆನಾಡಿನಲ್ಲಿ ಚೀಲಕ್ಕೆ ನಿಜವಾದ ಪರೀಕ್ಷೆ ಅದೇ. ‘ವಾಟರ್‌ಪ್ರೂಫ್’ ಎಂದು ಬರೆದ ಚೀಲದ ಬಟ್ಟೆಗೆ ನೀರು ಹಿಡಿಯದ ಲೇಪನ ಇರುತ್ತದೆ ನಿಜ, ಆದರೆ ಹೊಲಿಗೆಯ ತೂತುಗಳಿಂದ ಮತ್ತು ಜಿಪ್ಪಿನ ಹಲ್ಲುಗಳ ಸಂದಿಯಿಂದ ನೀರು ಇಳಿಯುತ್ತದೆ. ಅದಕ್ಕೆಂದೇ ಚೀಲದ ಜೊತೆ ಕೊಡುವ ಮಳೆಗವಸನ್ನು ಮೇಲಿನಿಂದ ತೊಡಿಸಿದರೂ ಬೆನ್ನಿನ ಭಾಗ ತೆರೆದೇ ಇರುತ್ತದೆ. ಕತ್ತಿನಿಂದ ಇಳಿದ ನೀರು ಬೆನ್ನಿನ ಮೆತ್ತೆಯ ಮೂಲಕ ಒಳಗೆ ಸೇರಿಕೊಳ್ಳುತ್ತದೆ. ಇನ್ನು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಏಣಿನ ಮೇಲೆ ಜುಲೈ ತಿಂಗಳಿನಲ್ಲಿ ಬೀಸುವ ಗಾಳಿ ಆ ಗವಸನ್ನು ಪಟದಂತೆ ಹಾರಿಸಿಕೊಂಡು ಹೋಗುವುದನ್ನು ನಾನೇ ನೋಡಿದ್ದೇನೆ. ಆದ್ದರಿಂದ ರಕ್ಷಣೆ ಒಳಗಿನಿಂದ ಇರಬೇಕು. ಚೀಲಕ್ಕಿಂತ ದೊಡ್ಡದಾದ, ದಪ್ಪನೆಯ, ತೂತಿಲ್ಲದ ಒಂದು ಪ್ಲಾಸ್ಟಿಕ್ ಚೀಲವನ್ನು ಅಸ್ತರಿನಂತೆ ಒಳಗಿಟ್ಟು, ಒದ್ದೆಯಾಗಬಾರದ ಸಾಮಾನನ್ನೆಲ್ಲ ಅದರೊಳಗೆ ತುಂಬಿ, ಗಾಳಿ ಹೊರಗೆ ಒತ್ತಿ, ಬಾಯಿಯನ್ನು ಗಟ್ಟಿಯಾಗಿ ತಿರುಚಿ, ಮಡಚಿ, ರಬ್ಬರ್ ಬ್ಯಾಂಡಿನಿಂದ ಕಟ್ಟಬೇಕು. ಹೊರಚೀಲ ಪೂರ್ತಿ ತೊಯ್ದರೂ ಒಳಗಿನ ಬಟ್ಟೆ ಗರಿಗರಿಯಾಗಿ ಉಳಿಯುತ್ತದೆ. ಇದನ್ನು ವರ್ಷವಿಡೀ ಮತ್ತೆ ಮತ್ತೆ ಬಳಸಬಹುದು, ಕಾಡಿನಲ್ಲಿ ಬಿಸಾಡುವ ಪ್ರಶ್ನೆಯೇ ಬರುವುದಿಲ್ಲ. ಮುಂಗಾರಿಗೆ ಮೊದಲೇ, ಏಪ್ರಿಲ್–ಮೇ ತಿಂಗಳ ಮಧ್ಯಾಹ್ನಗಳಲ್ಲಿ ಗುಡುಗಿನೊಂದಿಗೆ ಅಡ್ಡಮಳೆ ಬರುವುದುಂಟು. ಬೇಸಿಗೆಯೆಂದು ಈ ಅಸ್ತರನ್ನು ಬಿಟ್ಟು ಹೋಗುವುದು ಜಾಣತನವಲ್ಲ.

ತುಂಬುವಾಗ ಭಾರದ ವಸ್ತು ಬೆನ್ನಿಗೆ ಹತ್ತಿರ, ಎರಡು ಹೆಗಲೆಲುಬುಗಳ ನಡುವಿನ ಎತ್ತರಕ್ಕೆ ಬರಬೇಕು. ಬಟ್ಟೆಯಂಥ ಹಗುರವಾದದ್ದು ತಳಕ್ಕೆ, ಬುತ್ತಿ ಮತ್ತು ಪವರ್ ಬ್ಯಾಂಕ್ ಅದರ ಮೇಲೆ ಬೆನ್ನಿನ ಕಡೆಗೆ, ಮಳೆ ಅಂಗಿ ಎಲ್ಲಕ್ಕಿಂತ ಮೇಲೆ. ಚೌಕಟ್ಟಿಲ್ಲದ ಚೀಲದಲ್ಲಿ ಮೂಲೆಯುಳ್ಳ ಡಬ್ಬಿಗಳು ಬೆನ್ನಿಗೆ ಚುಚ್ಚುವುದರಿಂದ, ಕೂರಲು ಒಯ್ಯುವ ತೆಳು ಫೋಮ್ ಚಾಪೆಯನ್ನು ಮಡಚಿ ಬೆನ್ನಿನ ಭಾಗಕ್ಕೆ ಒಳಗಿನಿಂದ ಆನಿಸಿಟ್ಟರೆ ಅದೇ ಚೌಕಟ್ಟಿನ ಕೆಲಸ ಮಾಡುತ್ತದೆ. ಎರಡು ಬಾಟಲಿಗಳನ್ನು ಎರಡು ಪಕ್ಕಗಳಲ್ಲಿ ಇಟ್ಟು ಎರಡರಿಂದಲೂ ಸರಿಸಮವಾಗಿ ಕುಡಿಯುತ್ತ ಹೋಗಬೇಕು. ಒಂದೇ ಬಾಟಲಿ ಖಾಲಿ ಮಾಡಿದರೆ ಚೀಲ ಒಂದು ಕಡೆಗೆ ವಾಲುತ್ತದೆ. ಪಕ್ಕದ ಜೇಬು ಚೀಲ ಕೆಳಗಿಳಿಸದೆ ಬಾಟಲಿ ತೆಗೆದು ಮರಳಿ ಇಡುವಂತಿದೆಯೇ ಎಂಬುದನ್ನೂ ಅಂಗಡಿಯಲ್ಲೇ ನೋಡಿಕೊಳ್ಳಬೇಕು. ಬುತ್ತಿಗೆ ಸ್ಟೀಲ್ ಡಬ್ಬಿಯ ಬದಲು ಬಾಳೆಎಲೆಯಲ್ಲಿ ಕಟ್ಟಿದ ಪುಳಿಯೋಗರೆ ಅಥವಾ ಅಕ್ಕಿರೊಟ್ಟಿ ಒಳ್ಳೆಯದು. ಉಂಡ ಮೇಲೆ ಎಲೆಯನ್ನೂ ಮಡಚಿ ಚೀಲದಲ್ಲೇ ಮರಳಿ ತರಬೇಕು. ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಇರುವ ಹಾದಿಗಳಲ್ಲಿ ಟಿಕೆಟ್ಟು ಮತ್ತು ಗುರುತಿನ ಚೀಟಿ ತೋರಿಸಬೇಕಾಗುವುದರಿಂದ ಅವೆರಡಕ್ಕೆ ಮೇಲಿನ ಸಣ್ಣ ಜೇಬು ಮೀಸಲಿರಲಿ.

ಚೀಲವನ್ನು ಎಲ್ಲಿ ಇಳಿಸುತ್ತೇವೆ ಎಂಬುದೂ ನಮ್ಮ ಕಾಡುಗಳಲ್ಲಿ ಯೋಚಿಸಬೇಕಾದ ಸಂಗತಿ. ಮಳೆಗಾಲದಲ್ಲಿ ಇಂಬಳಗಳು ಬಲೆಯ ಜೇಬಿಗೂ ಬೆನ್ನಿನ ಮೆತ್ತೆಯ ಸಂದಿಗೂ ಹತ್ತಿ ಕೂರುತ್ತವೆ. ಕಾಲಿಗೆ ಉಪ್ಪು, ಹೊಗೆಸೊಪ್ಪು ಹಚ್ಚಿಕೊಂಡವರು ಸಹ ಚೀಲವನ್ನು ಮರೆತು, ಅದನ್ನು ಹೆಗಲಿಗೇರಿಸಿದ ಮೇಲೆ ಕತ್ತಿನಲ್ಲಿ ರಕ್ತ ಕಂಡು ಗಾಬರಿಯಾಗುತ್ತಾರೆ. ಇಂಬಳ ಕಿರಿಕಿರಿ ಮಾತ್ರ. ಬೇಸಿಗೆಯ ಉಣುಗು ಹಾಗಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಹರಡುತ್ತದೆ, ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಭಾಗಗಳಲ್ಲೂ ಅದು ಕಾಣಿಸಿಕೊಂಡಿದೆ. ಚಳಿಗಾಲ ಮತ್ತು ಬೇಸಿಗೆಯಲ್ಲಿ ಚೀಲವನ್ನು ಒಣಗಿದ ತರಗೆಲೆಯ ಮೇಲೆ ಇಡದೆ ಬಂಡೆಯ ಮೇಲೆ ಇಡಬೇಕು ಅಥವಾ ಕೊಂಬೆಗೆ ತೂಗುಹಾಕಬೇಕು. ಮೇಲ್ಗಡೆ ಗಟ್ಟಿಯಾದ ಒಂದು ಕುಣಿಕೆ ಇರುವ ಚೀಲವನ್ನೇ ಆರಿಸಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ. ಮನೆಗೆ ಬಂದ ಮೇಲೆ ಚೀಲವನ್ನು ಹೊರಗೇ ಕೊಡವಿ, ತಿಳಿ ಬಣ್ಣದ ಬಟ್ಟೆಯ ಮೇಲಿಟ್ಟು ಪಟ್ಟಿಗಳ ಅಡಿಯನ್ನೆಲ್ಲ ನೋಡಬೇಕು. ಚೀಲದ ಬಣ್ಣವೂ ತೀರ ಕಪ್ಪಾಗಿರದಿದ್ದರೆ ಈ ಹುಡುಕಾಟ ಸುಲಭ.

ತೊಳೆಯುವುದಕ್ಕೆ ಹೆಚ್ಚಿನ ಶ್ರಮವಿಲ್ಲ: ಬಕೆಟ್ಟಿನ ತಣ್ಣೀರು, ಸ್ವಲ್ಪ ಮೈಸೋಪು, ಹಳೆಯ ಹಲ್ಲುಜ್ಜುವ ಬ್ರಷ್ಷು. ವಾಷಿಂಗ್ ಮೆಷಿನ್ನಿಗೆ ಹಾಕಿದರೆ ಒಳಗಿನ ಲೇಪನ ಏಳುತ್ತದೆ. ಜಿಪ್ಪಿನಲ್ಲಿ ಸೇರಿದ ಕೆಮ್ಮಣ್ಣನ್ನು ಅದೇ ಬ್ರಷ್ಷಿನಿಂದ ಉಜ್ಜಿ ತೆಗೆಯದಿದ್ದರೆ ಆ ಮಣ್ಣೇ ಅರದಂತೆ ಜಿಪ್ಪನ್ನು ತಿನ್ನುತ್ತದೆ. ಕಷ್ಟವಿರುವುದು ಒಣಗಿಸುವುದರಲ್ಲಿ. ಪಾಲಿಯುರೆಥೇನ್ ಲೇಪನಕ್ಕೆ ತೇವ ಮತ್ತು ಬಿಸಿ ಎರಡೂ ಶತ್ರುಗಳು. ತೇವದಲ್ಲಿ ತಿಂಗಳುಗಟ್ಟಲೆ ಮಡಚಿಟ್ಟ ಚೀಲದ ಒಳಭಾಗ ಅಂಟಂಟಾಗಿ, ಆಮೇಲೆ ಹೊಟ್ಟಿನಂತೆ ಉದುರಲು ತೊಡಗುತ್ತದೆ. ಆಷಾಢದಲ್ಲಿ ಮಲೆನಾಡಿನ ಮನೆಗಳಲ್ಲಿ ಬಟ್ಟೆಯನ್ನು ಬಚ್ಚಲೊಲೆಯ ಮೇಲೆ ಹರವುವ ರೂಢಿಯಿದೆ, ಆದರೆ ಚೀಲವನ್ನು ಅಲ್ಲಿಗೆ ಒಯ್ಯಬಾರದು. ಎಲ್ಲ ಜೇಬುಗಳನ್ನೂ ತೆರೆದು, ತಲೆಕೆಳಗಾಗಿ, ಗಾಳಿಯಾಡುವ ಜಗುಲಿಯ ನೆರಳಿನಲ್ಲಿ ಎರಡು ದಿನ ತೂಗುಹಾಕಬೇಕು. ಬೆನ್ನಿನ ಮೆತ್ತೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಾಗ ತಣ್ಣಗೆನಿಸಿದರೆ ಇನ್ನೂ ಒಂದು ದಿನ. ನಂತರ ಒಳಗೆ ನಾಲ್ಕು ಹಾಳೆ ಹಳೆಯ ಪತ್ರಿಕೆಯನ್ನು ಮುದುಡಿ ತುರುಕಿ, ಬೀರುವಿನ ಒಳಗಿಡುವ ಬದಲು ಗೋಡೆಯ ಮೊಳೆಗೆ, ಗೋಡೆಗೆ ತಾಗದಂತೆ ತೂಗಿಬಿಡಬೇಕು. ಶ್ರಾವಣ ಮುಗಿಯುವವರೆಗೂ ಹದಿನೈದು ದಿನಕ್ಕೊಮ್ಮೆ ಆ ಕಾಗದವನ್ನು ಬದಲಿಸುತ್ತಿದ್ದರೆ ಬೂಷ್ಟು ಹತ್ತುವುದಿಲ್ಲ.